ಪರೀಕ್ಷೆ ಮುಗಿಯುವ ತನಕ ನಿಂತ ಮಂದೆ

ನಮ್ಮ ಹತ್ತನೇ ಕ್ಲಾಸಿನವರು ಇಬ್ಬರು ಎಲ್ಲಾದರೂ ಎದುರಾದರೆ ಮೂರನೆಯವರಿಗೆ ಅಲ್ಲಿ ಕೆಲಸವಿಲ್ಲ. ಮೊನ್ನೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಹಿಂದಿನ ಬೆಂಚಿನ ಹುಡುಗ ಸಿಕ್ಕಿದ. ಬಾಯಿ ಮಾತಿಗೆ ಹುಡುಗ ಅನ್ನುತ್ತೇನೆ, ಈಗ ಅವನ ತಲೆಯಲ್ಲಿ ಕೂದಲಿಲ್ಲ. ನಗುತ್ತಾ ನಿಂತೆವು. ಅವನ ಬಸ್ಸು ಹೋಯಿತು, ಆಮೇಲೆ ನನ್ನದೂ ಹೋಯಿತು. "ಅಂಥದ್ದೇನು ನಡೀತಿತ್ತು ನಿಮ್ಮ ಸ್ಕೂಲಲ್ಲಿ?" ಎಂದು ನಮ್ಮ ಯಜಮಾನರು ಕೇಳಿದರು. ನಮ್ಮದು ದೇವಸಮುದ್ರದ ಕಡೆಯ ಸಣ್ಣ ಊರಿನ ಹೈಸ್ಕೂಲು, ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಾಠ ನಡೆಯದ ದಿನಗಳಿದ್ದವು, ಏನೂ ನಡೆಯದ ದಿನ ಮಾತ್ರ ನನಗೆ ನೆನಪಿಲ್ಲ.

ಅಶೋಕನಿಗೆ ಯಾರೂ ಬಡಿಯಲಿಲ್ಲ

ನಮ್ಮ ಹೆಡ್ ಮಾಸ್ಟರು ಇತಿಹಾಸ ಪಾಠ ಮಾಡುತ್ತಿದ್ದರು. ಅವರಿಗೆ ಅಶೋಕನೆಂದರೆ ಸ್ವಂತ ಸೋದರಮಾವನಷ್ಟು ಅಭಿಮಾನ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನೆಲ್ಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಶಾಸನದ ಮುಂದೆ ನಿಲ್ಲಿಸಿದರು. ನಮಗೆ ಕಂಡದ್ದು ಒಂದು ಬಂಡೆ, ಅದರ ಮೇಲೆ ಒಂದಷ್ಟು ಗೀರು.

"ನೋಡ್ರೋ, ಎರಡು ಸಾವಿರ ವರ್ಷದ ಹಿಂದೆ ಕೆತ್ತಿಸಿದ್ದು! ತಂದೆ ತಾಯಿ ಮಾತು ಕೇಳಬೇಕು, ಗುರುಗಳನ್ನ ಗೌರವಿಸಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು!" ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ನಮಗೆ ಬುತ್ತಿಯ ಚಿಂತೆ. "ಯಾರಿಗಾದರೂ ಏನಾದರೂ ಕೇಳೋದಿದ್ರೆ ಕೇಳಿ" ಎಂದರು.

ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ತರಲೆ. ಹಿಂದಿನ ವಾರವಷ್ಟೇ ಡೆಸ್ಕಿನ ಮೇಲೆ ಹೆಸರು ಕೆತ್ತಿ ಏಟು ತಿಂದಿದ್ದ.

"ಸಾರ್, ನಾನು ಮರದ ಮ್ಯಾಲೆ ಕೆತ್ತಿದ್ದಕ್ಕೆ ಬೆತ್ತ ಮುರಿಯೋ ಹಂಗೆ ಬಡಿದ್ರಿ. ಇವ್ನು ಕಲ್ಲಿನ ಮ್ಯಾಲೇ ಕೆತ್ಸವ್ನೆ, ಇವ್ನಿಗೆ ಯಾರೂ ಬಡೀಲಿಲ್ವಾ ಸಾರ್?"

ಎರಡೂ ಕಡೆಯ ಸಹಾಯ

ಗಣಿತದ ಮೇಷ್ಟ್ರು ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೊದಲ ಪಿರಿಯಡ್ಡು ಅವರದೇ. ಹಾಗಾಗಿ ಆ ಬಸ್ಸಿನ ಆರೋಗ್ಯದ ಬಗ್ಗೆ ನಾವು ದಿನವೂ ದೇವರಲ್ಲಿ ಕೇಳಿಕೊಳ್ಳುತ್ತಿದ್ದೆವು. ಚೆನ್ನಾಗಿರಲಿ ಅಂತಲ್ಲ.

ಒಂದು ದಿನ ದೇವರು ಕಣ್ಣು ಬಿಟ್ಟ. ಬಸ್ಸು ಊರ ಹೊರಗೆ ಕೆಮ್ಮಿ ಕೆಮ್ಮಿ ನಿಂತಿತು. ಬೇರೆ ಹಳ್ಳಿಗಳಿಂದ ಬರುವ ನಾವೂ ಅದರಲ್ಲೇ ಇದ್ದೆವು. ಡ್ರೈವರು "ಇಳಿದು ತಳ್ರಪ್ಪ" ಎಂದ. ಪಾಪ, ಮೇಷ್ಟ್ರು ಅಂಗಿಯ ತೋಳು ಮಡಚಿ ಎಲ್ಲರಿಗಿಂತ ಮುಂಚೆ ಇಳಿದರು. "ಬನ್ರೋ, ಪ್ರಮೇಯ ಬಾಕಿ ಐತೆ!" ಎಂದು ಹಿಂದೆ ನಿಂತು ತಳ್ಳತೊಡಗಿದರು. ಹುಡುಗಿಯರು ನಾವು ಮೋರಿ ಕಟ್ಟೆಯ ಮೇಲೆ ಕೂತು ಹುರಿದುಂಬಿಸಿದೆವು.

ಎಷ್ಟು ತಳ್ಳಿದರೂ ಬಸ್ಸು ಮಿಸುಕಲಿಲ್ಲ. ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿತು. ಕಂಡಕ್ಟರಿಗೆ ಅನುಮಾನ ಬಂದು ಮುಂದೆ ಹೋಗಿ ನೋಡಿದ. ಅಲ್ಲಿ ಅರ್ಧ ಕ್ಲಾಸು ಬಸ್ಸಿನ ಮೂತಿಗೆ ಭುಜ ಕೊಟ್ಟು ಹಿಂದಕ್ಕೆ ತಳ್ಳುತ್ತಿತ್ತು.

"ಲೇ, ಏನ್ರೋ ಇದು?" ಎಂದು ಮೇಷ್ಟ್ರು ಕೂಗಿದರು.

ಹಿಂದಿನ ಬೆಂಚಿನವನು ಬೆವರು ಒರೆಸಿಕೊಂಡು ಹೇಳಿದ: "ಎಲ್ರೂ ಹಿಂದೆ ನಿಂತ್ರೆ ಮುಂದೆ ಯಾರು ನೋಡ್ಕಬೇಕು ಸಾರ್?"

ಬಂಡೆ ತಿನ್ನಿಸಲಾ?

ಇಲ್ಲಿಯ ತನಕ ಬರೀ ಆಟ. ಹತ್ತನೇ ಕ್ಲಾಸಿನ ಸಂಕ್ರಾಂತಿ ಮುಗಿದ ಮೇಲೆ ನಮಗೆ ಒಂದು ನಿಜವಾದ ಕಷ್ಟ ಬಂತು.

ನನ್ನ ಪಕ್ಕ ಕೂರುತ್ತಿದ್ದವಳು ಹಟ್ಟಿಯ ಹುಡುಗಿ. ಅವಳ ಮನೆಯವರು ಕುರಿ ಕಾಯುವವರು. ಓದಿನಲ್ಲಿ ಕ್ಲಾಸಿಗೇ ಮೊದಲು. ನನ್ನ ಹೋಂವರ್ಕು ಅವಳಿಂದಲೇ ನಡೆಯುತ್ತಿತ್ತು. ಟೀಚರ್ ಆಗಬೇಕೆಂದು ಅವಳ ಆಸೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಮೇವು ಮುಗಿಯುತ್ತದೆ, ಅವಳ ಅಪ್ಪ ಅವ್ವ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ಕಾಲುವೆ ಗದ್ದೆಗಳಿಗೆ ಹೊರಡುತ್ತಿದ್ದರು. ಹಿಂದಿನ ವರ್ಷದವರೆಗೆ ಅವಳ ಅಜ್ಜಿ ಹಟ್ಟಿಯಲ್ಲಿದ್ದಳು, ಇವಳೂ ಉಳಿಯುತ್ತಿದ್ದಳು. ಆ ವರ್ಷ ಅಜ್ಜಿ ತೀರಿಕೊಂಡಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ಅಪ್ಪ, "ನೀನೂ ನಡಿ" ಎಂದ. ನಮ್ಮ ಮನೆಯಲ್ಲಿರಲಿ ಎಂದು ನಮ್ಮವ್ವ ಹೇಳಿದರೆ, "ಬೆಳೆದ ಹುಡುಗಿನ ಬಿಟ್ಟು ಹೋಗಾಕೆ ನನ್ ಮನಸ್ಸು ಒಪ್ಪಲ್ಲ ತಾಯಿ" ಎಂದ. ಅವಳು ಅಳಲಿಲ್ಲ. ಅತ್ತದ್ದು ನಾನು, ಅದೂ ಅವಳು ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿನ್ನುತ್ತಾ.

ಹೆಡ್ ಮಾಸ್ಟರು ಅವಳ ಅಪ್ಪನನ್ನು ಕರೆಸಿದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಾವು ಕಿಟಕಿಗೆ ಜೋತುಬಿದ್ದು ಕೇಳಿಸಿಕೊಂಡೆವು. ಹೆಡ್ ಮಾಸ್ಟರು ನೇರವಾಗಿ ಬ್ರಹ್ಮಾಸ್ತ್ರವನ್ನೇ ಬಿಟ್ಟರು. "ನೋಡಪ್ಪ, ಗುರುಗಳ ಮಾತು ಕೇಳಬೇಕು ಅಂತ ಅಶೋಕ ಚಕ್ರವರ್ತಿ ನಮ್ಮ ಬ್ರಹ್ಮಗಿರಿ ಬಂಡೆ ಮೇಲೇ ಬರೆಸಿದ್ದಾನೆ."

"ಮಗ್ಳು ಹೇಳಿದ್ಲು ಸಾರ್. ಅಪ್ಪ ಅವ್ವನ ಮಾತು ಕೇಳ್ಬೇಕು ಅಂತ ಅದಕ್ಕೂ ಮುಂಚೇನೇ ಬರ್ಸವ್ನಂತೆ."

ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಪ್ರಾಣಿ ಮ್ಯಾಲೆ ದಯೆ ಇರ್ಲಿ ಅಂತಾನೂ ಐತಂತೆ. ಇಲ್ಲೇ ನಿಂತ್ರೆ ನನ್ ಕುರಿಗೆ ಏನ್ ತಿನ್ನಿಸ್ಲಿ ಸಾರ್, ಆ ಬಂಡೇನಾ?"

ಗೊಬ್ಬರದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ

ಸಂಜೆ ಬೇವಿನ ಮರದ ಕೆಳಗೆ ಕ್ಲಾಸೆಲ್ಲ ಸೇರಿತು. ಹಿಂದಿನ ಬೆಂಚಿನವನು, "ಮೇವು ತಾನೇ ಬೇಕು? ಮೇವೇ ಕೊಡಾಣ" ಎಂದ. ಹುಟ್ಟಿ ಮೊದಲ ಸಲ ಅವನ ಬಾಯಿಂದ ಉಪಯೋಗದ ಮಾತು ಬಂದಿತ್ತು.

ನಮ್ಮ ಕಡೆ ಖಾಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ಇದೆ. ಹಗಲೆಲ್ಲ ಮೇಯ್ದು ಬಂದ ಕುರಿ ರಾತ್ರಿ ಹೊಲದಲ್ಲಿ ಮಲಗುತ್ತವೆ, ಹೊಲಕ್ಕೆ ಹಿಕ್ಕೆ ಗೊಬ್ಬರವಾಗುತ್ತದೆ. ಕುರಿಯವನಿಗೆ ಹೊಲದವರು ಕಾಳು ಕೊಡುತ್ತಾರೆ. ನಮ್ಮ ಉಪಾಯ ಇಷ್ಟೇ. ಪ್ರತಿಯೊಬ್ಬರೂ ಮನೆಗೆ ಹೋಗಿ ಹಟ ಮಾಡಿ ಮಂದೆ ಕರೆಸುವುದು, ಕಾಳಿನ ಜೊತೆ ಕುರಿಗೆ ಶೇಂಗಾ ಹೊಟ್ಟನ್ನೂ ಕೊಡಿಸುವುದು. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ, ಹೀಗೆ ಪರೀಕ್ಷೆ ಮುಗಿಯುವ ತನಕ.

ನಾನು ಊಟಕ್ಕೆ ಕೂತಾಗ ವಿಷಯ ತೆಗೆದೆ. "ಅಪ್ಪ, ನಮ್ಮ ಹೊಲಕ್ಕೆ ಗೊಬ್ಬರ ಸಾಲದು."

ಅಪ್ಪನ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. "ಏಯ್, ನೋಡ್ದೇನೇ? ಹೊಲದ ದಿಕ್ಕು ಯಾವುದು ಅಂತ ಗೊತ್ತಿಲ್ದೋಳು ಗೊಬ್ಬರದ ಮಾತಾಡ್ತಾಳೆ" ಎಂದು ಅವ್ವನ ಕಡೆ ತಿರುಗಿದ. ಬೈದರೂ ಮರುದಿನ ಹೋಗಿ ಮಂದೆ ಕರೆದು ಬಂದ.

ಆಮೇಲೆ ಬಿ.ಜಿ. ಕೆರೆ ದಾರಿಯವರ ಹೊಲ, ಗಡಿಯ ಹಳ್ಳಿಯವರ ಹೊಲ. ಓದಲೆಂದು ಬಿಟ್ಟ ರಜೆಯಲ್ಲಿ ಗಂಡು ಹುಡುಗರು ಜಾಲಿ ಮರ ಹತ್ತಿ ಕಾಯಿ ಉದುರಿಸಿದರು, ನಾವು ಆರಿಸಿ ಚೀಲಕ್ಕೆ ತುಂಬಿದೆವು. ಕುರಿಗೆ ಜಾಲಿ ಕಾಯಿ ಎಂದರೆ ಹಬ್ಬದೂಟ. ಕುರಿಯೆಲ್ಲ ಮೈ ತುಂಬಿಕೊಂಡವು, ನಾವು ಮೈಯೆಲ್ಲ ತರಚಿಕೊಂಡೆವು. ಓದುತ್ತಿದ್ದವಳು ಅವಳೊಬ್ಬಳೇ.

ಅವಳ ಅಪ್ಪನಿಗೆ ಆಶ್ಚರ್ಯ. "ಹೋದ ವರ್ಷ ಕುರಿ ಕಂಡ್ರೆ ಕೋಲು ಎತ್ತೋರು, ಈ ವರ್ಷ ಹಟ್ಟಿಗೇ ಬಂದು ಕರೀತಾರಲ್ಲಪ್ಪ?"

ಹಿಂದಿನ ಬೆಂಚಿನವನು ಗಂಭೀರವಾಗಿ ಹೇಳಿದ: "ನಿನ್ ಕುರಿ ಹಿಕ್ಕೆಗೆ ಬಾಳ ಹೆಸರು ಬಂದೈತೆ ಮಾವ."

ಹೆಡ್ ಮಾಸ್ಟರ ಸರದಿ

ಕೊನೆಗೆ ಪರೀಕ್ಷೆಯ ಹೊಸ್ತಿಲಲ್ಲಿ ಹೊಲಗಳು ಮುಗಿದುಹೋದವು. ಆಗ ಹೆಡ್ ಮಾಸ್ಟರೇ ಎದೆ ತಟ್ಟಿ ನಿಂತರು. "ಸ್ಕೂಲ್ ಫೀಲ್ಡಿನಲ್ಲಿ ನಿಲ್ಲಿಸಪ್ಪ. ನನ್ನ ಗಿಡಕ್ಕೂ ಗೊಬ್ಬರ ಆಗುತ್ತೆ." ಆ ಗಿಡಗಳೆಂದರೆ ಅವರು ಮಗುವಿನ ಹಾಗೆ ಸಾಕಿದ ದಾಸವಾಳ, ಹೊಂಗೆ. ನಮ್ಮಲ್ಲಿ ಯಾರಾದರೂ ಎಲೆ ಕಿತ್ತರೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಬೆಳಿಗ್ಗೆ ಹಾಲ್ ಟಿಕೆಟ್ ತೆಗೆದುಕೊಳ್ಳಲು ಹೋದಾಗ ಫೀಲ್ಡಿನ ತುಂಬ ಹಿಕ್ಕೆ. ಗಿಡಗಳಿದ್ದ ಕಡೆ ಸಾಲಾಗಿ ಕಡ್ಡಿ ನಿಂತಿದ್ದವು. ಒಂದೇ ಒಂದು ಎಲೆಯಿಲ್ಲ.

"ಅಯ್ಯೋ ಮಾರಾಯ, ಗೊಬ್ಬರ ಹಾಕಿಸು ಅಂದ್ರೆ ಗಿಡಾನೇ ತಿನ್ನಿಸಿದ್ಯಲ್ಲೋ!" ಎಂದು ಹೆಡ್ ಮಾಸ್ಟರು ತಲೆಯ ಮೇಲೆ ಕೈ ಹೊತ್ತರು.

ಅವಳ ಅಪ್ಪ ಕೈ ಮುಗಿದ. "ಮೊದ್ಲು ತಿಂದ್ರೇ ತಾನೇ ಸಾರ್ ಗೊಬ್ಬರ?"

ನಮ್ಮ ಹೊಲದ ಗತಿ

ಅವಳು ಪರೀಕ್ಷೆಗೆ ಕೂತಳು. ಕೊನೆಯ ದಿನ ಬರೆದು ಹೊರಗೆ ಬಂದವಳು ನನ್ನ ಕೈ ಹಿಡಿದುಕೊಂಡು ಬಸ್ಸು ಬರುವ ತನಕ ಬಿಡಲಿಲ್ಲ. ಆ ಮೂರು ವರ್ಷದಲ್ಲಿ ನಾನು ಏನಾದರೂ ಕಲಿತಿದ್ದರೆ ಅದು ಆ ಕೈಯಲ್ಲಿತ್ತು ಎಂದು ಈಗಲೂ ಅನ್ನಿಸುತ್ತದೆ. ಪುಸ್ತಕದಿಂದಂತೂ ಕಲಿಯಲಿಲ್ಲ, ಅದು ಮೇ ತಿಂಗಳಲ್ಲಿ ಊರಿಗೆಲ್ಲ ಗೊತ್ತಾಯಿತು.

ಅವಳು ಫಸ್ಟ್ ಕ್ಲಾಸು. ನಾನು ಗಣಿತದಲ್ಲಿ ಫೇಲು. ಬಸ್ಸನ್ನು ಹಿಂದಕ್ಕೆ ತಳ್ಳಿದವರೆಲ್ಲ ಗಣಿತದಲ್ಲಿ ನನ್ನ ಜೊತೆಗಿದ್ದರು, ಅಷ್ಟೇ ಸಮಾಧಾನ. ಮನೆಗೆ ಬಂದು ಕಂಬಕ್ಕೆ ಒರಗಿ ಅಳುತ್ತಾ ಕೂತೆ. ಅಪ್ಪ ಜಗಲಿಯ ಮೇಲೆ ಬಿತ್ತನೆಗೆಂದು ಶೇಂಗಾ ಸುಲಿಯುತ್ತಾ ಕೂತಿದ್ದ. ಅಷ್ಟರಲ್ಲಿ ಹಟ್ಟಿಯಿಂದ ಅವಳು ಮತ್ತು ಅವಳ ಅಪ್ಪ ಬಂದರು. ಅವನ ಕಂಬಳಿಯ ಗಂಟಿನಲ್ಲಿ ಸಕ್ಕರೆ.

ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಳಬ್ಯಾಡ ತಾಯಿ. ಕರೆದೋರೆಲ್ಲ ಒಂದೇ ಕ್ಲಾಸಿನ ಅಪ್ಪಂದ್ರು ಅಂತ ನನಗೆ ತಿಳೀಲಿಲ್ಲ ಅನ್ಕಂಡ್ಯಾ? ಮೂರ್ನೇ ಹೊಲಕ್ಕೆ ಬಂದ ದಿನಾನೇ ತಿಳೀತು. ನೀವು ಜಾಲಿ ಮುಳ್ಳಾಗೆ ಬಿದ್ದು ನನ್ ಮಗಳನ್ನ ಓದಿಸಿದ್ರಿ. ಆ ಋಣ ನನ್ ಮ್ಯಾಲೈತೆ."

ನಾನು ಇನ್ನೂ ಜೋರಾಗಿ ಅತ್ತೆ. ಅವಳೂ ಆಗ ಅತ್ತಳು, ಮೊದಲ ಸಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿಗಿಡಲು ಒಳಗೆ ಹೋದಳು.

ಅವನು ನನ್ನ ತಲೆಯ ಮೇಲೆ ಕೈಯಿಟ್ಟ. "ನೀನು ಇನ್ನೊಂದು ಸಲ ಕಟ್ಟು ತಾಯಿ. ಇವ್ಳು ಇಲ್ಲೇ ಇದ್ದು ನಿನಗೆ ಲೆಕ್ಕ ಹೇಳ್ಕೊಡ್ತಾಳೆ. ನೀನು ಪಾಸಾಗೋ ತನಕ ನನ್ ಮಂದೆ ನಿಮ್ ಹೊಲ ಬಿಟ್ಟು ಕದಲಲ್ಲ!"

ಜಗಲಿಯ ಮೇಲೆ ಶೇಂಗಾ ಸುಲಿಯುವ ಸದ್ದು ನಿಂತಿತು. ಅಪ್ಪ ಗಾಬರಿಯಿಂದ ಎದ್ದು ಬಂದ.

"ಲೇ ಮಾರಾಯ, ನಿನ್ ಕಾಲಿಗೆ ಬೀಳ್ತೀನಿ, ಆ ಮಾತು ಮಾತ್ರ ಕೊಡಬ್ಯಾಡ. ಇವ್ಳು ಪಾಸಾಗೋ ತನಕ ಮಂದೆ ನಿಂತ್ರೆ ನಾನು ಶೇಂಗಾ ಬಿತ್ತೋದು ಯಾವ ಜನ್ಮಕ್ಕೆ?"