ಬೂಟು ಕಾಯ್ದ ಸಿಪಾಯಿ

ಶಿಸ್ತು ಹೆಚ್ಚಾದ ಕಡೆಯೇ ನಗು ತಡೆಯಲಾಗದ ಪ್ರಸಂಗಗಳು ನಡೆಯುತ್ತಿರುತ್ತವೆ. ಅರವತ್ತರ ದಶಕದಲ್ಲಿ ಗೌರಿಬಿದನೂರಿನ ಹೊರಗೆ ಡೇರೆ ಹಾಕಿದ್ದ ಸೈನ್ಯದ ತರಬೇತಿ ಶಿಬಿರದಲ್ಲಿ ನಾನು ಹವಾಲ್ದಾರ. ಅಲ್ಲಿನ ತಮಾಷೆಗಳಲ್ಲಿ ಮುಕ್ಕಾಲುಪಾಲು ಮಂಚೇನಹಳ್ಳಿ ಕಡೆಯ ಒಬ್ಬ ಹೊಸ ಸಿಪಾಯಿಯವು. ಪಾಪ, ಬಲು ಒಳ್ಳೆಯವನು.

೧. ಸಾವಧಾನ್

ಒಂದು ಬೆಳಿಗ್ಗೆ ಕವಾಯತಿನಲ್ಲಿ ನಾನು "ಸಾವಧಾನ್" ಎಂದು ಕೂಗಿ ಎಲ್ಲರೂ ಕಂಬದಂತೆ ನೆಟ್ಟಗೆ ನಿಂತಿದ್ದರು ಅಷ್ಟೆ, ಸಿಪಾಯಿಯ ಮಾವ ಸಾಲುಗಳ ನಡುವೆ ನುಗ್ಗಿ ಬಂದರು. "ಅಳಿಯಂದ್ರೇ, ಹೆಣ್ಣು ಮಗು! ಮೂಗು ನಿಮ್ದೇ!" ಎಂದರು. ಸಿಪಾಯಿ ಅಲ್ಲಾಡಲಿಲ್ಲ. ಕಣ್ಣಲ್ಲಿ ಮಾತ್ರ ನೀರು. ಮಾವ ಅವನ ಹಣೆ ಮುಟ್ಟಿ ನೋಡಿ ನನ್ನತ್ತ ತಿರುಗಿದರು.

"ಏನ್ ಮಾಡಿದ್ರಿ ಸ್ವಾಮಿ? ನಾವು ಕಳ್ಸಿದಾಗ ಚೆನ್ನಾಗೇ ಇದ್ರಲ್ಲ!"

೨. ಕುಂದುಕೊರತೆ

ವಾರಕ್ಕೊಮ್ಮೆ ಕ್ಯಾಪ್ಟನ್ ಸಾಹೇಬರು ಎಲ್ಲರನ್ನೂ ಕೂರಿಸಿ ಕಷ್ಟಸುಖ ಕೇಳುತ್ತಿದ್ದರು. ತರಬೇತಿ ಮುಗಿಯುವವರೆಗೆ ರಜ ಇಲ್ಲ, ಊಟದ ಮಾತು ಬಿಟ್ಟು ಬೇರೆ ಎತ್ತಬೇಡಿ ಎಂದು ನಾನು ಮೊದಲೇ ಎಚ್ಚರಿಸಿದ್ದೆ. ನಮ್ಮ ಸಿಪಾಯಿ ಎದ್ದು ನಿಂತ.

"ಊಟದ ವಿಷ್ಯ ಸಾರ್."

"ಹೇಳಪ್ಪ."

"ಸೋಮವಾರ ಮಗೀಗೆ ನಾಮಕರಣ. ಅವತ್ತು ಇಲ್ಲಿ ನನ್ ಪಾಲಿಂದು ಬೇಯಿಸ್ಬೇಡಿ ಸಾರ್."

ಸಾಹೇಬರು ನಕ್ಕರು, ಆದರೆ ಜಗ್ಗಲಿಲ್ಲ. "ರಜ ಇಲ್ಲ. ಅವತ್ತು ನಿನಗೆ ಎರಡು ಪಾಲು ಬಡಿಸ್ತಾರೆ!"

೩. ಪ್ರದಕ್ಷಿಣೆ

ಭಾನುವಾರ ಎಲ್ಲರೂ ಸಾಲಾಗಿ ಹನುಮಂತರಾಯನ ಗುಡಿಗೆ ಹೋಗುವುದು ಪದ್ಧತಿ. ನಾಮಕರಣದ ಹಿಂದಿನ ದಿನ ಹೊರಗೆ ಬಿಟ್ಟ ಬೂಟುಗಳನ್ನು ಕಾಯಲು ಅವನನ್ನೇ ನಿಲ್ಲಿಸಿ, "ನಾನು ಬರೋವರೆಗೂ ದೇವರೇ ಬಂದು ಕೇಳಿದ್ರೂ ಕೊಡಬೇಡ" ಎಂದೆ. ಒಳಗೆ ಹೋಗಿ, ಹರಕೆ ಹೊತ್ತು, ಮಾತು ಬಿಟ್ಟು ಪ್ರದಕ್ಷಿಣೆ ಶುರುಮಾಡಿದೆ.

ಸಾಹೇಬರು ಮೊದಲೇ ಹೊರಗೆ ಬಂದು ಬೂಟು ಕೇಳಿದರಂತೆ.

"ದೇವ್ರಿಗೂ ಕೊಡ್ಬೇಡ ಅಂದವ್ರೆ ಸಾರ್. ಹವಾಲ್ದಾರ್ರು ಬರ್ಲಿ."

ಸಾಹೇಬರು ಕಾದ ಬಂಡೆಯ ಮೇಲೆ ಕುಣಿಯುತ್ತಾ ನನ್ನನ್ನು ಹುಡುಕಿ ಬಂದರು. ಹರಕೆ ನಡುವೆ ನಾನು ನಿಲ್ಲುವಂತಿಲ್ಲ, ಬಾಯಿ ಬಿಡುವಂತಿಲ್ಲ. ಅವರೂ ನನ್ನ ಹಿಂದೆಯೇ ಸುತ್ತತೊಡಗಿದರು. ಎಂಥ ಭಕ್ತಿ ಎಂದುಕೊಂಡು ಪೂಜಾರಪ್ಪ ಅವರ ಕೊರಳಿಗೂ ಹಾರ ಹಾಕಿದರು. ಕೊನೆಯ ಸುತ್ತು ಮುಗಿಯುವಷ್ಟರಲ್ಲಿ ಸಾಹೇಬರು ಕುಂಟುತ್ತಿದ್ದರು.

"ಏನಯ್ಯಾ ಅಂಥ ಹರಕೆ?" ಎಂದು ಗದರಿದರು.

"ಆ ಸಿಪಾಯಿಗೆ ನಾಳೆ ರಜ ಸಿಗಲಿ ಅಂತ ಸಾರ್."

ಸಾಹೇಬರು ಕೆಂಪಾದ ಅಂಗಾಲನ್ನು ಒಮ್ಮೆ ನೋಡಿಕೊಂಡರು.

"ಮೊದಲೇ ಬೊಗಳಬಾರದಿತ್ತಾ? ಮೊದಲನೇ ಸುತ್ತಿಗೇ ಕೊಟ್ಟುಬಿಡ್ತಿದ್ದೆ!"