ಯೋಗ್ಯ ಅತಿಥಿಗಾಗಿ ಕಾದ ಬಾದಾಮಿ

ನನಗೊಂದು ಕಾಯಿಲೆಯಿದೆ. ಒಳ್ಳೆಯ ವಸ್ತು ಕೈಗೆ ಬಂದರೆ ಬಳಸಲು ಮನಸ್ಸೇ ಬರುವುದಿಲ್ಲ. ಮದುವೆಯಲ್ಲಿ ಯಾರೋ ಕೊಟ್ಟ ಪೆನ್ನು ಇನ್ನೂ ಪೆಟ್ಟಿಗೆಯಲ್ಲಿದೆ. ಶಾಯಿ ಒಣಗಿದೆ, ಪೆನ್ನು ಮಾತ್ರ ಹೊಸದು. ಇಂಥವನ ಕೈಗೆ, ನಮ್ಮ ಕುಮಟಾದ ಹೈಸ್ಕೂಲಿಗೆ ಭಟ್ಕಳದಿಂದ ಬರುವ ಇಸ್ಮಾಯಿಲ್ ಮಾಸ್ತರರು ಒಂದು ಡಬ್ಬಿ ಬಾದಾಮಿ ಕೊಟ್ಟರು. ದುಬೈಯಿಂದ ಬಂದ ಅವರ ಅಣ್ಣ ತಂದದ್ದು. "ಬೇಗ ತಿಂದು ಮುಗಿಸಿ ಆತಾ? ಇಟ್ರೆ ಹುಳ ಹಿಡೀತದೆ" ಎಂದರು. ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಕಲಿಸುವವನಿಗೇ ಹುಳದ ಪಾಠವೇ ಎಂದು ಒಳಗೊಳಗೇ ನಕ್ಕೆ. ಯೋಗ್ಯ ಅತಿಥಿ ಬಂದಾಗ ತೆಗೆಯೋಣವೆಂದು ಡಬ್ಬಿಯನ್ನು ಪುಸ್ತಕಗಳ ಹಿಂದೆ ಅಡಗಿಸಿಟ್ಟೆ. ಎಷ್ಟೋ ಜನ ಬಂದರು. ಬಾದಾಮಿಯ ಯೋಗ್ಯತೆಯವರು ಯಾರೂ ಕಾಣಲಿಲ್ಲ. ಎಲ್ಲರೂ ಅವಲಕ್ಕಿ ತಿಂದು ಹೋದರು.

ಕೆಲವು ತಿಂಗಳ ನಂತರ ಮನೆಯಲ್ಲಿ ಬೂದು ಬಣ್ಣದ ಸಣ್ಣ ಪತಂಗಗಳು ಹಾರಾಡತೊಡಗಿದವು. ಕುರ್ಚಿಯಿಂದ ಏಳದೆಯೇ ಹೆಂಡತಿಗೆ ತೀರ್ಪು ಕೊಟ್ಟೆ, "ನಿನ್ನ ತವರು ಕರ್ಕಿಯ ಅಕ್ಕಿಯದೇ ಕೆಲಸ."

"ಅಪ್ಪನ ಅಕ್ಕೀಲಿ ಹುಳ ಇಲ್ಲೆ. ನಿಂಗಳ ತಲೇಲಿ ಇದ್ದು" ಎಂದಳು ಹೆಂಡತಿ.

ಮಾವ ತಾವೇ ನಿಂತು ಭತ್ತ ಒಣಗಿಸಿ, ಅಕ್ಕಿ ಮಾಡಿಸಿ, ಬಸ್ಸಿನಲ್ಲಿ ಕಳಿಸುತ್ತಿದ್ದ ಮೂಟೆ ಅದು. ನಾನಾದರೂ ಸುಮ್ಮನಿರಬೇಕಿತ್ತು. ಅವರಿಗೇ ಫೋನ್ ಮಾಡಿ ಪತಂಗದ ಜೀವನಚಕ್ರವನ್ನು ಮೊಟ್ಟೆಯಿಂದ ರೆಕ್ಕೆಯವರೆಗೆ ವಿವರಿಸಿದೆ. ಅವರು ಎಲ್ಲ ಕೇಳಿ, "ಆತು, ನಾಳೆ ಬತ್ತೆ" ಎಂದರು ಅಷ್ಟೇ.

ಮರುದಿನ ಬೆಳಿಗ್ಗೆ ಎಪ್ಪತ್ತೆಂಟರ ಮಾವ ಕಂಕುಳಲ್ಲಿ ಅಕ್ಕಿ ಕೇರುವ ಗೆರಸೆ ಹಿಡಿದು ಬಸ್ಸಿಳಿದರು. ಜಗುಲಿಯಲ್ಲಿ ಕೂತು ಇಡೀ ಮೂಟೆ ಕೇರಿದರು. ಒಂದು ಹುಳವೂ ಸಿಗಲಿಲ್ಲ. "ನನ್ನ ಅಕ್ಕಿ ಹಾಳಾಜಿಲ್ಲೆ ಅಲ್ದನೇ ತಂಗೀ?" ಎಂದು ಮಗಳನ್ನು ಕೇಳಿದರು, ನನ್ನನ್ನಲ್ಲ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಪ್ರಾಯಶ್ಚಿತ್ತಕ್ಕೆ ಇದೇ ಹೊತ್ತು, ಯೋಗ್ಯ ಅತಿಥಿಯೂ ಇವರೇ ಎಂದುಕೊಂಡು ಪುಸ್ತಕ ಸರಿಸಿ, ಡಬ್ಬಿ ತಂದು ಅವರ ಮುಂದೆಯೇ ಅದರ ಸಡಿಲ ಮುಚ್ಚಳ ತೆಗೆದೆ.

ಐದಾರು ಪತಂಗಗಳು ಹಾರಿ ಹೊರಬಂದವು. ಒಳಗೆ ಬಲೆ ಕಟ್ಟಿಕೊಂಡ ತೂತು ಬಾದಾಮಿಗಳು. ಸಿಪ್ಪೆ ಇತ್ತು, ತಿರುಳಿರಲಿಲ್ಲ. ಕೊಬ್ಬಿದ ಬಿಳಿ ಹುಳವೊಂದು ತಲೆಯೆತ್ತಿ ನನ್ನನ್ನೇ ನೋಡಿತು. ಮಾವ ಬಗ್ಗಿ ನೋಡಿ, "ಚಲೋ ಸಾಕಿದ್ರಿ, ಮಾಸ್ತ್ರೇ" ಎಂದರು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ಮುಂದಿನ ತಿಂಗಳ ಅಕ್ಕಿ ಮೂಟೆಯ ಮೇಲೆ ಹುರಿದ ಗೇರುಬೀಜದ ಪೊಟ್ಟಣವೊಂದಿತ್ತು, ಜೊತೆಗೆ ಮಾವನ ಕೈಬರಹದ ಚೀಟಿ: 'ಅಳಿಯಂದಿರಿಗೆ. ಇವತ್ತೇ ತಿನ್ನುವುದು.' ಯಾರಾದರೂ ಬಂದಾಗ ಕೊಡಲು ನಾಲ್ಕು ಎತ್ತಿಡೋಣ ಎನ್ನಿಸಿದ್ದು ನಿಜ. ಆದರೆ ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದಳು.