ಹದಿನಾಲ್ಕು ಗುರುಗಳಿಗೆ ಒಬ್ಬ ಶಿಷ್ಯ

ಹೆಂಡತಿ: ಯಾಕ್ರೀ ಅಷ್ಟು ದೂರ ಹಿಡ್ಕೊಂಡಿದೀರಿ? ಅದು ಹೆಣಿಗೆ ಕಡ್ಡಿ, ಹಾವಲ್ಲ.

ಗಂಡ: ಹಾವಾಗಿದ್ರೆ ಬಿಸಾಕಿ ಓಡಿಹೋಗ್ಬಹುದಿತ್ತು.

ಹೆಂಡತಿ: ಓಡಿ, ನೋಡೋಣ! ನಾಳೆ ಶನಿವಾರ. ಮೂರು ಗಂಟೆಗೆ ನನ್ನ ಪಕ್ಕದಲ್ಲಿ ಒಬ್ಬ ಶಿಷ್ಯ ಕೂತಿರಬೇಕು. ಬೇರೆ ಯಾರೂ ಸಿಗಲಿಲ್ಲ ಅಂತ ನಿಮ್ಮನ್ನ ಹಿಡ್ಕೊಂಡಿದೀನಿ, ಪ್ರೀತಿ ಉಕ್ಕಿ ಅಲ್ಲ.

(ವಿಷಯ ಇಷ್ಟೇ. ವಾಚನಾಲಯದ ಮಹಡಿ ಮೇಲೆ ಹವ್ಯಾಸಿಗಳ ಕೂಟ ಒಂದಿದೆ. ಹೆಣಿಗೆ, ಕ್ರೋಶಾ, ಲೇಸು, ಹೊಲಿಗೆ ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡಬೇಕು ಅನ್ನುವುದು ಅದರ ಘನ ಉದ್ದೇಶ. ತೊಂದರೆ ಒಂದೇ, ಕೂಟದ ಹದಿನಾಲ್ಕು ಜನಕ್ಕೂ ಎಲ್ಲವೂ ಗೊತ್ತು. ಆರು ತಿಂಗಳಿಂದ ಒಬ್ಬರಿಗೊಬ್ಬರು ಪಾಠ ಹೇಳುತ್ತಲೇ ಇದ್ದಾರೆ, ಒಂದು ಪಿಳ್ಳೆಯೂ ಕೇಳಿಸಿಕೊಂಡಿಲ್ಲ. ಬೇಸತ್ತ ಕಾರ್ಯದರ್ಶಿಯಮ್ಮ ಹದಿನಾಲ್ಕು ಗುರುಗಳನ್ನೂ ಇಬ್ಬಿಬ್ಬರಂತೆ ಜೋಡಿ ಹಾಕಿ ಅಪ್ಪಣೆ ಕೊಟ್ಟರು: ಈ ಶನಿವಾರ ಪ್ರತಿಯೊಬ್ಬ ಗುರುವೂ ಒಬ್ಬ ಹೊಸ ಶಿಷ್ಯನನ್ನು ತರಬೇಕು, ತರದವರು ತಮ್ಮ ಜೋಡಿಯ ಹತ್ತಿರವೇ ಶಿಷ್ಯೆಯಾಗಿ ಕೂರಬೇಕು. ನಮ್ಮ ಈ ಹೆಂಡತಿಗೆ ಜೋಡಿಯಾಗಿ ಬಂದವಳು ಸ್ವಂತ ಓರಗಿತ್ತಿ, ಮೈದುನನ ಹೆಂಡತಿ. ಇನ್ನು ಹೇಳುವುದೇನಿದೆ!)

ಗಂಡ: ಒಂದು ದಿನ ಅವಳ ಹತ್ರ ಕೂತ್ರೆ ಏನಾಗತ್ತೆ? ಅವಳೇನು ಕಚ್ತಾಳಾ?

ಹೆಂಡತಿ: ಅವಳ ಹತ್ರ ನಾನು ಕಲೀಬೇಕಾ? ಮದುವೆಯಾಗಿ ಬಂದಾಗ ಅಂಗಿಗೆ ಒಂದು ಗುಂಡಿ ಹಾಕೋಕೆ ಬರ್ತಿರಲಿಲ್ಲ. ಕಲಿಸಿದೋಳು ನಾನು! ಈಗ ಯಾರಾದ್ರೂ ಕೇಳಿದ್ರೆ, ‘ತಾನಾಗೇ ಬಂತು’ ಅಂತಾಳೆ. ತಾನಾಗೇ ಬರೋದು ನೆಗಡಿ ಕಣ್ರೀ, ಹೆಣಿಗೆ ಅಲ್ಲ. ಅವಳ ಮುಂದೆ ಕೈಕಟ್ಟಿ ಕೂರೋದಕ್ಕಿಂತ ಈ ಕಡ್ಡೀನೆಲ್ಲ ಒಲೆಗೆ ಹಾಕ್ತೀನಿ.

ಗಂಡ: ಸ್ಟೀಲಿನ ಕಡ್ಡಿ. ಉರಿಯಲ್ಲ.

ಹೆಂಡತಿ: ಬಾಯಿಗೆ ಬೀಗ ಹಾಕಿ, ದಾರ ಕೈಗೆ ಸುತ್ಕೊಳ್ಳಿ. ಕಡ್ಡಿ ತೂರ್ಸಿ, ದಾರ ಸುತ್ತಿ, ಎಳೀರಿ.

(ಗಂಡ ತೂರಿಸಿದ, ಸುತ್ತಿದ, ಎಳೆದ. ಮತ್ತೆ ತೂರಿಸಿದ. ನೋಡನೋಡುತ್ತ ಅರ್ಧ ಸಾಲು ಮುಗಿಯಿತು. ಹೆಂಡತಿಯ ಮುಖ ಅರಳಿತು. ಆಮೇಲೆ ಅವಳ ಕಣ್ಣು ಅವನ ಕಿರುಬೆರಳಿನ ಮೇಲೆ ಹೋಗಿ ನಿಂತಿತು.)

ಹೆಂಡತಿ: ರೀ… ದಾರಾನ ಕಿರುಬೆರಳಿಗೆ ಎರಡು ಸುತ್ತು ಹಾಕಿದೀರಿ.

ಗಂಡ: ಹೌದಾ? ಗಮನಿಸ್ಲೇ ಇಲ್ಲ.

ಹೆಂಡತಿ: ನಾನು ತೋರುಬೆರಳಿಗೆ ಒಂದೇ ಸುತ್ತು ಹಾಕೋದು. ನಮ್ಮಮ್ಮ ಹಾಕ್ತಿದ್ದದ್ದೂ ಹಾಗೇ. ಇಡೀ ಕೂಟದಲ್ಲಿ ಕಿರುಬೆರಳಿಗೆ ಎರಡು ಸುತ್ತು ಹಾಕೋಳು ಒಬ್ಬಳೇ. ನಿಜ ಹೇಳಿ, ಎಷ್ಟು ದಿನದಿಂದ ನಡೀತಿದೆ ಇದು?

ಗಂಡ: ಎರಡೇ ಮಧ್ಯಾಹ್ನ ಕಣೇ! ಸೋಮವಾರ ಒಂದು, ಬುಧವಾರ ಒಂದು.

ಹೆಂಡತಿ: ಬುಧವಾರ ಕ್ಷೌರಕ್ಕೆ ಹೋಗ್ತೀನಿ ಅಂದ್ರಿ!

ಗಂಡ: ಆಮೇಲೆ ಅಲ್ಲಿಗೂ ಹೋದೆ.

ಹೆಂಡತಿ: ಅದಕ್ಕೇ ಅಂದ್ಕೊಂಡೆ, ಮೂರು ಗಂಟೆ ಕತ್ತರಿಸೋಕೆ ಆ ತಲೇಲಿ ಏನಿದೆ ಅಂತ! ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ಏನು ಬೇಕಾದ್ರೂ ಸಹಿಸ್ಕೋತೀನಿ. ಆದ್ರೆ ಕಟ್ಕೊಂಡ ಗಂಡ ಬೇರೆಯವಳ ಹತ್ರ ಹೆಣಿಗೆ ಕಲಿತು ಬರೋದಾ! ಹೊಟ್ಟೆ ಉರಿಯತ್ತೆ ರೀ ನಂಗೆ.

ಗಂಡ: ಅವಳು ಬಂದು, ‘ಭಾವ, ದಯವಿಟ್ಟು’ ಅಂತ ಕೇಳಿದ್ಲು. ನೀನು ಕೇಳಲೇ ಇಲ್ಲ, ಕಡ್ಡಿ ತಂದು ಕೈಗೆ ತುರುಕ್ದೆ.

ಹೆಂಡತಿ: ಗಂಡನ್ನ ಕೇಳೋದು ಬೇರೆ ಇದೆಯಾ!

(ಬಾಗಿಲು ತಳ್ಳಿಕೊಂಡು ಓರಗಿತ್ತಿ ಬಂದಳು. ಕಂಕುಳಲ್ಲಿ ಉಲ್ಲನ್ ದಾರದ ಚೀಲ.)

ಓರಗಿತ್ತಿ: ಭಾವ, ನಾಳೆ ಮೂರು ಗಂಟೆ ಮರೀಬೇಡಿ ಅಂತ… ಅಯ್ಯೋ, ಅಕ್ಕ ಮನೇಲೇ ಇದೀರಾ?

ಹೆಂಡತಿ: ನನ್ನ ಮನೇಲಿ ನಾನಿರೋದು ನಿಂಗೆ ಆಶ್ಚರ್ಯ. ಬಾ, ಶಿಷ್ಯನ್ನ ಕದ್ದೋಳೇ, ಬಾ. ಯಾಕೆ, ನಿನ್ನ ಗಂಡ ಇರ್ಲಿಲ್ವಾ?

ಓರಗಿತ್ತಿ: ಅವರನ್ನ ಎದುರುಮನೆ ಕ್ರೋಶಾದವಳು ಹೋದ ವಾರವೇ ಬುಕ್ ಮಾಡಿದಾಳೆ. ಈಗ ಖಾಲಿ ಇರೋ ಗಂಡ ಒಬ್ಬನೂ ಉಳಿದಿಲ್ಲ ಅಕ್ಕ. ಲೇಸಿನವಳಂತೂ ಕಾಗದ ಕೊಡೋಕೆ ಬಂದ ಅಂಚೆಯವನನ್ನೇ ಕೂರಿಸ್ಕೊಂಡಿದಾಳೆ.

ಹೆಂಡತಿ: ಅದಕ್ಕೆ ನನ್ನ ಗಂಡನೇ ಬೇಕಾಗಿತ್ತಾ?

ಓರಗಿತ್ತಿ: ಮತ್ತೆ ನಾನು ನಿಮ್ಮ ಹತ್ರ ಕೂರಬೇಕಾ? ಗುಂಡಿ ಹಾಕೋದು ಕಲಿಸಿದ್ದನ್ನ ಹದಿನೆಂಟು ವರ್ಷದಿಂದ ಕೇಳ್ತಿದೀನಿ. ಇನ್ನೊಂದು ಪಾಠ ಹೇಳಿಸ್ಕೊಂಡ್ರೆ ನನ್ನ ಮೊಮ್ಮಕ್ಕಳಿಗೂ ಕೇಳಿಸ್ತೀರಿ! ಏಳಿ ಭಾವ, ಇನ್ನೊಂದು ಸಲ ಅಭ್ಯಾಸ ಮಾಡೋಣ.

ಹೆಂಡತಿ: ಎದ್ರೆ ನೋಡಿ!

(ಒಬ್ಬಳು ಕಡ್ಡಿ ಹಿಡಿದಳು, ಇನ್ನೊಬ್ಬಳು ಉಂಡೆ ಹಿಡಿದಳು. ಜಗ್ಗಾಟದಲ್ಲಿ ಆ ಅರ್ಧ ಸಾಲು ಸರ್ರನೆ ಬಿಚ್ಚಿಹೋಯಿತು. ಗಂಡ ಗಂಟಲು ಸರಿಮಾಡಿಕೊಂಡ.)

ಗಂಡ: ಸ್ವಲ್ಪ ನಿಲ್ಲಿ ಇಬ್ರೂ. ನಾನು ಯಾರಿಗೂ ಶಿಷ್ಯ ಅಲ್ಲ.

ಓರಗಿತ್ತಿ: ಬೆಳಗ್ಗೆ ತಾನೇ ನನ್ನ ಶಿಷ್ಯ ಅಂತ ಅರ್ಜಿ ಬರೆದು ನಿಮ್ಮ ಕೈಲಿ ಕೊಟ್ಟು ಕಳಿಸಿದ್ನಲ್ಲ ಭಾವ?

ಗಂಡ: ಕೊಡೋಕೆ ಹೋದೆ. ‘ಮೊದಲೇ ಏನಾದ್ರೂ ಬರತ್ತಾ?’ ಅಂದ್ರು ಕಾರ್ಯದರ್ಶಿಯಮ್ಮ. ಮೂವತ್ತು ವರ್ಷ ಗೋದಾಮಲ್ಲಿ ದಬ್ಬಳ ಹಿಡಿದು ಗೋಣಿಚೀಲದ ಬಾಯಿ ಹೊಲಿದಿದೀನಮ್ಮ ಅಂದೆ. ಆಯಮ್ಮ ಎದ್ದೇ ನಿಂತ್ರು. ‘ಎಂಥ ಅಪರೂಪದ ಕಲೆ! ಇದು ನಶಿಸಿ ಹೋಗಬಾರದು!’ ಅಂತ ಅರ್ಜೀಲಿ ಶಿಷ್ಯ ಅನ್ನೋದನ್ನ ಹೊಡೆದುಹಾಕಿ ಗುರು ಅಂತ ಬರೆದ್ರು. ನಾನೀಗ ಹದಿನೈದನೇ ಗುರು.

ಹೆಂಡತಿ: ಗೋಣಿಚೀಲ ಹೊಲಿಯೋದು ಕಲೇನಾ?

ಗಂಡ: ಸಂಬಳಕ್ಕೆ ಮಾಡಿದ್ರೆ ಕೂಲಿ, ಸುಮ್ಮನೆ ಮಾಡಿದ್ರೆ ಕಲೆಯಂತೆ.

(ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ದನಿಯೊಂದು ಹೊರಬಂತು. ಹೆಂಡತಿಯ ಕಡೆಗೆ ತಿರುಗಿದ.)

ಗಂಡ: ಈಗ ನನಗೂ ಒಬ್ಬ ಶಿಷ್ಯೆ ಬೇಕಾಗಿದೆ. ಹೊರಗಿನವರು ಯಾಕೆ, ನೀನೇ ಕೂತ್ಕೋ. ಬಹಳ ವರ್ಷದಿಂದ ಹೇಳಬೇಕು ಅಂತಿದ್ದೆ, ನೀನು ಹಾಕೋ ಗಂಟು ಗಟ್ಟಿ ಇರಲ್ಲ. ಹಲ್ಲಲ್ಲಿ ದಾರ ಕಡಿಯೋದಂತೂ ತಪ್ಪೇ ತಪ್ಪು. ಆಮೇಲೆ, ಸೂಜಿ ಹಿಡಿಯೋವಾಗ ಮಾತಾಡಬಾರದು. ಅದೇ ಮೊದಲನೇ ಪಾಠ.

(ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು, ಓರಗಿತ್ತಿಯನ್ನು ಒಮ್ಮೆ ನೋಡಿದಳು. ಕೈಲಿದ್ದ ಕಡ್ಡಿಯನ್ನು ಓರಗಿತ್ತಿಯ ಚೀಲದೊಳಗೆ ಇಟ್ಟಳು.)

ಹೆಂಡತಿ: ತಂಗೀ, ನಾಳೆ ನಿನ್ನ ಪಕ್ಕ ಜಾಗ ಇದೆಯಾ?

ಓರಗಿತ್ತಿ: ಇದೆ ಅಕ್ಕ. ಯಾರಿಗೆ?

ಹೆಂಡತಿ: ನಂಗೇ. ಶಿಷ್ಯೆ ಅಂತ ನನ್ನ ಹೆಸರು ಬರ್ಕೋ.

ಓರಗಿತ್ತಿ: ಅಕ್ಕಾ! ನನ್ನ ಹತ್ರಾನಾ? ನಿಜವಾಗ್ಲೂ?

ಹೆಂಡತಿ: ಹೂಂ ಕಣೇ. ನಿನ್ನ ಪಾಠ ಸಂಜೆ ಐದಕ್ಕೆ ಮುಗಿಯತ್ತೆ. ಇವರ ಹತ್ರ ಒಂದು ಸಲ ಕೂತ್ರೆ ಸಾಯೋವರೆಗೂ ಕಲಿಸ್ತಾನೇ ಇರ್ತಾರೆ!